ಗೌರಿಬೀಜದ ಶೆಡ್ಡು

ಬೂಕನಕೆರೆ ದಾಟಿದರೆ ರಸ್ತೆ ಪಕ್ಕದಲ್ಲೇ ಆ ತಗಡಿನ ಶೆಡ್ಡು. ಕಿಟಕಿಯಿಲ್ಲ, ಫ್ಯಾನಿಲ್ಲ. ಗೌರಿಹೂವಿನ ಒಣಗಿದ ಕಾಯಿ ಒಡೆದು, ಮೊರದಲ್ಲಿ ಕೇರಿ, ಕೆಂಪು ಬೀಜ ಬೇರೆ, ಸಿಪ್ಪೆ ಬೇರೆ ಮಾಡುವುದು ನಮ್ಮ ಕೆಲಸ. ಕೇರಿದಷ್ಟೂ ದೂಳು. ಮೂಗಿನಲ್ಲಿ, ಬಾಯಲ್ಲಿ, ಉಗುರಿನ ಸಂದಿಯಲ್ಲಿ. ಬೆಳಿಗ್ಗೆ ಒಂದು ಹಿಡಿ ಬೀಜ ಕಣ್ಣಿಗೊತ್ತಿಕೊಂಡೇ ನಾವು ಮೊರ ಹಿಡಿಯುತ್ತಿದ್ದದ್ದು. ಹಬ್ಬಕ್ಕೆ ಗೌರಮ್ಮನ ಮುಂದಿಡುವ ಹೂವಲ್ಲವೇ! ಹೆರಿಗೆ ಕಷ್ಟವಾದರೆ ಅಜ್ಜಿಯರು ಇದರ ಗೆಡ್ಡೆ ತೇದು ಅಂಗಾಲಿಗೆ ಹಚ್ಚುತ್ತಿದ್ದರು. ಅಂಥ ಗಿಡ ನಮಗೇಕೆ ಕೇಡು ಮಾಡೀತು ಎಂದುಕೊಂಡಿದ್ದೆವು.

ಶೆಡ್ಡಿನ ಯಜಮಾನ ಲೋಕೇಶನಿಗೆ ನಮ್ಮ ಭಕ್ತಿ ಚೆನ್ನಾಗಿ ಒದಗಿತು. ಯಾರಾದರೂ ಕೈಗವಸು ಕೇಳಿದರೆ ನಗುತ್ತಿದ್ದ.

"ತಾಯಿ ಪ್ರಸಾದ ಮುಟ್ಟಕ್ಕೂ ಗ್ಲೌಸು ಬೇಕೇನ್ರವ್ವ? ಇದು ಗಿಡಮೂಲಿಕೆ. ಕೆಮಿಕಲ್ ಅಲ್ಲ ಕಣ್ರವ್ವ."

ತಾನು ಮಾತ್ರ ಮಾಸ್ಕು ಬಿಗಿದು ಬಾಗಿಲ ಹೊರಗೇ ನಿಲ್ಲುತ್ತಿದ್ದ. ಬರಿಗೈಲಿ ಒಂದು ಬೀಜ ಮುಟ್ಟಿದವನಲ್ಲ, ಹಾಳಾದವನು.

ನಮ್ಮಲ್ಲೆಲ್ಲ ಚಿಕ್ಕವಳು ಅನಿತ, ನಮ್ಮ ಜೊತೆಯೇ ಮೊರ ಹಿಡಿಯುವ ಚಿಕ್ಕಬೋರಮ್ಮನ ಮಗಳು, ಈಚೆಗಷ್ಟೇ ಮದುವೆಯಾದವಳು. ಒಂದು ವಾರ ಅವಳನ್ನು ಲೋಕೇಶ ಬೀಜ ಪುಡಿ ಮಾಡುವ ಮಿಲ್ಲಿಗೆ ಹಾಕಿದ್ದ. ಒಂದು ದಿನ ಊಟದ ಹೊತ್ತಿಗೆ ತೊಟ್ಟಿಯಲ್ಲಿ ನೀರಿರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡೇ ಮುದ್ದೆ ಮುರಿದಳು. ಸಂಜೆಗೆ ವಾಂತಿ, ಭೇದಿ. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಈ ಬೀಜದಲ್ಲಿ ಕಾಲ್ಚಿಸಿನ್ ಅಂತ ಇದೆ. ಅಳತೆ ಮಾಡಿ ಕೊಟ್ಟರೆ ಕೀಲುಬಾವಿಗೆ ಔಷಧಿ. ಅಳತೆ ಮೀರಿದರೆ ವಿಷ. ಮೈಯಲ್ಲಿ ಹೊಸ ಜೀವಕಣ ಹುಟ್ಟೋದನ್ನೇ ತಡೆಯುತ್ತೆ. ಮೊದಲು ಕರುಳು, ಆಮೇಲೆ ರಕ್ತ. ಬದುಕಿದವರಿಗೂ ಕೂದಲು ಉದುರಿಹೋಗುತ್ತೆ."

ಅನಿತ ಬದುಕಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ವಿಚಾರಣೆಗೆಂದು ಪೊಲೀಸಿನವರು ನಮ್ಮನ್ನೆಲ್ಲ ಶೆಡ್ಡಿಗೆ ಕರೆಸಿದರು. ಅವರ ಜೀಪು ಬರುವ ಮೊದಲೇ ಲೋಕೇಶ ಚಿಕ್ಕಬೋರಮ್ಮನನ್ನು ಪಕ್ಕಕ್ಕೆ ಕರೆದ. ನಮಗೆಲ್ಲ ಕೇಳಿಸಿತು.

"ಗಂಡನ್ ಜೊತೆ ಜಗಳ ಆಡ್ಕೊಂಡು ಅವ್ಳೇ ಬೀಜ ನುಂಗ್ಬುಟ್ಲು ಅಂತ ಯೋಳ್ಬುಡವ್ವ. ತಿಥಿ ಖರ್ಚು ನಂದು. ಇಲ್ದಿದ್ರೆ ಶೆಡ್ಡು ಮುಚ್ಚುಸ್ತರೆ. ಇಷ್ಟು ಜನದ ಒಟ್ಟೆ ಮ್ಯಾಲೆ ಒಡೀತೀಯಾ?"

ಸತ್ತ ಮಗಳ ಮೇಲೆ ಹೆತ್ತವಳ ಬಾಯಿಂದಲೇ ಅಪವಾದ ಹೊರಿಸಲು ನೋಡುತ್ತಿದ್ದ!

ಜೀಪು ಬಂತು. ಪೊಲೀಸಿನವರು ಪೆನ್ನು ತೆಗೆದು, "ಹೇಳಮ್ಮ, ಮನೇಲಿ ಜಗಳ ಇತ್ತಾ?" ಎಂದು ಕೇಳಿದರು.

"ಇತ್ತು ಸಾರ್, ಎಲ್ರಿಗೂ ಗೊತ್ತು," ಎಂದ ಲೋಕೇಶ.

ಚಿಕ್ಕಬೋರಮ್ಮ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅರ್ಧ ತಲೆ ಬೋಳಾಗಿತ್ತು.

ಡಾಕ್ಟರಮ್ಮ ಕೂದಲಿನ ಬಗ್ಗೆ ಹೇಳಿದ್ದು ನೆನಪಾಯಿತು. ನನ್ನ ಕೂದಲೂ ಹಿಡಿಹಿಡಿಯಾಗಿ ಉದುರಿತ್ತು. ಬೋರ್‌ವೆಲ್ ನೀರಿನದೇ ಕಾಟ ಎಂದುಕೊಂಡು, ಹೆಂಗಸಿನ ತಲೆ ಬೋಳಾದರೆ ಜನ ಏನಂದಾರೋ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ದೂಳಿಗೆಂದು ಕಟ್ಟುವ ಬಟ್ಟೆ ನಾಚಿಕೆಯನ್ನೂ ಮುಚ್ಚಿತ್ತು. ನಾನೂ ಬಿಚ್ಚಿದೆ. ನನ್ನ ಪಕ್ಕದಲ್ಲಿ ಸರಸಮ್ಮ ಬಿಚ್ಚಿದಳು. ಪುಟ್ಟತಾಯಮ್ಮ ಅಳುತ್ತಲೇ ಬಿಚ್ಚಿದಳು. ಎಲ್ಲರದೂ ಅದೇ ಕಥೆ. ಒಬ್ಬರ ತಲೆಯನ್ನೊಬ್ಬರು ನೋಡುತ್ತ ನಿಂತುಬಿಟ್ಟೆವು.

"ಮುಚ್ಕೊಳ್ರವ್ವ, ಇದೆಲ್ಲಾ ಯಾಕೀಗ?" ಲೋಕೇಶ ಅಡ್ಡ ಬಂದ.

ಚಿಕ್ಕಬೋರಮ್ಮ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ನನ್ ಮಗ್ಳು ಗಂಡನ್ ಜೊತೆ ಜಗಳ ಆಡಿ ಬೀಜ ನುಂಗುದ್ಲಾ? ನಾನು ಗಂಡ ಸತ್ತ ಮುಂಡೆ ಕಣಪ್ಪ. ನಾನ್ ಯಾರ್ ಜೊತೆ ಜಗಳ ಆಡ್ದೆ? ಇವ್ರೆಲ್ಲಾ ಯಾವಾಗ್ ನುಂಗುದ್ರು? ಯೋಳ್ಲಾ!"

ಅವಳು ಪೊಲೀಸಿನವರ ಕಡೆ ತಿರುಗಿದಳು.

"ಬರ್ಕೊಳ್ಳಿ ಸ್ವಾಮಿ. ನನ್ ಮಗ್ಳುನ್ನ ಕೊಂದೋನು ಇವ್ನು ಅಂತ ಬರ್ಕೊಳ್ಳಿ. ಅಂಗೆ ಬರೆಯೋಗಂಟ ನಾವ್ಯಾರೂ ತಲೆ ಮುಚ್ಚಲ್ಲ."