ಉಂಗುರದ ತಾಳ

ಪ್ರೇಮದ ಸಿನಿಮಾಕ್ಕೆ ಹಾಡು ಕಟ್ಟುವ ಕೆಲಸ ಸಿಕ್ಕಿದ ದಿನ ಗುಬ್ಬಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಪ್-ಹಾಪ್ ಬೀಟಿನ ಮೇಲೆ ಎದೆಯಾಳದಿಂದ ಏಳುವ, ಸೋಲ್ ಶೈಲಿಯ ಹಾಡು ಬೇಕು ಎಂದಿದ್ದ ನಿರ್ದೇಶಕ. ರಾಗವೇನೋ ಹೊಳೆಯಿತು, ಬೀಟು ಮಾತ್ರ ಹಟ ಹಿಡಿದ ಕೂಸಿನಂತೆ ಹತ್ತಿರ ಬರಲೊಲ್ಲದು. ಕೊನೆಗೆ ಫೋನಿನಲ್ಲಿ ಹಳೆಯದೊಂದು ತುಣುಕು ಸಿಕ್ಕಿತು. ಅಕ್ಕ ಅಡುಗೆಮನೆಯಲ್ಲಿ ಕೂತು ಉಂಗುರದ ಬೆರಳಿನಿಂದ ಲೋಟ ತಟ್ಟುತ್ತಿದ್ದ ಸದ್ದು. ಟಿಕ್, ಟಿಟಿಕ್. ಭಾವನ ಸ್ಕೂಟರ್ ಸದ್ದಿಗೆ ಕಾಯುತ್ತಿದ್ದ ಸಂಜೆಗಳ ತಾಳ ಅದು.

ಭಾವ ಅಕ್ಕನನ್ನು ಬಿಟ್ಟುಹೋಗಿ ವರ್ಷವಾಗಿತ್ತು. ಅಕ್ಕನ ಬೆರಳಲ್ಲಿ ಈಗ ಉಂಗುರವಿಲ್ಲ.

ಅಜ್ಜಿಯ ಕಥೆಯಲ್ಲಿ ಮಾಯಾವಿಯೊಬ್ಬ ರಾಜಕುಮಾರನನ್ನು ಗಿಳಿ ಮಾಡಿದಂತೆ ಗುಬ್ಬಿ ಆ ಸದ್ದನ್ನು ಕತ್ತರಿಸಿ, ಹಿಗ್ಗಿಸಿ, ಅದರ ಅಡಿಯಲ್ಲಿ ದಪ್ಪ ಡ್ರಮ್ ಇಟ್ಟು ರೂಪ ಬದಲಿಸಿದಳು. ಅಕ್ಕನನ್ನು ಕೇಳಲಿಲ್ಲ; ಬೇಡ ಎಂದುಬಿಟ್ಟರೆ?

ಗುಬ್ಬಿಯ ಕೋಣೆಗೇ ಬಂದು ಹಾಡು ಕೇಳಿದ ನಿರ್ದೇಶಕ ಕುರ್ಚಿಯಿಂದ ಎದ್ದೇಬಿಟ್ಟ. "ಇದೇ ಕಣಮ್ಮಾ ಸಿನಿಮಾದ ಎದೆಬಡಿತ! ಪಕ್ಕಾ ಮಾಡಿ ಕಳಿಸು. ಮಿಕ್ಕ ಹಾಡೆಲ್ಲ ನಿಂದೇ."

ಆ ಖುಷಿಯಲ್ಲಿ ಗುಬ್ಬಿ ಹೆಡ್‌ಫೋನನ್ನು ಅಕ್ಕನ ಕಿವಿಗೇರಿಸಿದಳು.

"ಏನೇ ಇದು, ನಿನ್ನ ರ‍್ಯಾಪ್‌ನವನು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡ್ತಾನಲ್ಲೇ!" ಅಕ್ಕ ನಕ್ಕಳು. ಆಮೇಲೆ ನಗು ನಿಂತಿತು. ಹೆಬ್ಬೆರಳು ಬರಿದಾದ ಬೆರಳನ್ನು ಸವರತೊಡಗಿತು.

"ಇದು ನನ್ನ ಉಂಗುರ."

"ಅಕ್ಕಾ, ಯಾರಿಗೂ ಗೊತ್ತಾಗಲ್ಲ..."

"ನಂಗೆ ಗೊತ್ತಾಯ್ತಲ್ಲ. ಬಾಗಿಲಿಗೆ ಕಿವಿ ಕೊಟ್ಟು ಕೂತಿರ‍್ತಿದ್ದೆ ಕಣೇ. ಆ ತಾಳಕ್ಕೀಗ ಸಿನಿಮಾದ ಹೀರೋ ಹೀರೋಯಿನ್ ಕೈ ಕೈ ಹಿಡ್ಕೊಂಡು ಕುಣೀಬೇಕಾ?"

"ಆ ಸದ್ದನ್ನ ತೆಗೀತೀನಿ," ಎಂದಳು ಗುಬ್ಬಿ.

ತೆಗೆದಳು. ಅದರ ಜಾಗಕ್ಕೆ ಯಂತ್ರದ ಟಿಕ್ ಕೂರಿಸಿ ಕಳಿಸಿದಳು. ಮನಸ್ಸು ಮತ್ತೆ ಅತ್ತ ಎಳೆಯದಿರಲೆಂದು ಹಳೆಯ ತುಣುಕನ್ನೂ ಅಳಿಸಿದಳು.

ನಿರ್ದೇಶಕನ ಫೋನು ಕೂಡಲೇ ಬಂತು. "ಏನಮ್ಮಾ, ಹಾಡಿನ ಉಸಿರೇ ನಿಂತುಹೋಗಿದೆ! ಹಳೇದೇ ಕಳಿಸು."

"ಹಳೇದಿಲ್ಲ ಸರ್. ಅಳಿಸಿಬಿಟ್ಟೆ."

"ತಲೆ ನೆಟ್ಟಗಿದೆಯಾ ನಿಂಗೆ? ಸರಿ ಬಿಡು, ಬೇರೆಯವರನ್ನ ನೋಡ್ಕೋತೀನಿ."

ಗುಬ್ಬಿ ಮುಖ ತೊಳೆದುಕೊಂಡು ಅಡುಗೆಮನೆಗೆ ಬಂದಳು. ಅಕ್ಕ ಲೋಟ ಹಿಡಿದು ಕೂತಿದ್ದಳು.

"ಏನಂದ್ರು?"

"ಒಪ್ಕೊಂಡ್ರು. ಇದೇ ಚೆನ್ನಾಗಿದೆ ಅಂದ್ರು."

ಅಕ್ಕ ತಲೆ ಎತ್ತಲಿಲ್ಲ. ಅವಳ ಬರಿದಾದ ಬೆರಳು ತನ್ನಷ್ಟಕ್ಕೆ ಲೋಟವನ್ನು ತಟ್ಟುತ್ತಿತ್ತು, ಅದೇ ತಾಳದಲ್ಲಿ. ಗುಬ್ಬಿ ಕಿವಿಗೊಟ್ಟು ನಿಂತಳು. ಸದ್ದು ಮಾತ್ರ ಬರಲಿಲ್ಲ.