ನೊಣದ ಗಂಜಿ

ಯಮುನಾ ಚಿತ್ರದುರ್ಗದಲ್ಲಿ ಎಂ.ಎಸ್ಸಿ. ಓದುತ್ತಾ ಹಣ್ಣಿನ ನೊಣ ಸಾಕುತ್ತಾಳೆ ಎಂದರೆ ಅವಳ ಊರು ಆದಿವಾಲದಲ್ಲಿ ಈಗಲೂ ನಗುತ್ತಾರೆ. ಕುರಿ ಸಾಕಿದ ಮನೆತನ ನೋಡಿ, ಏನಾದರೊಂದು ಸಾಕಲೇಬೇಕು! ದಸರಾ ರಜಕ್ಕೆ ಬರುವಾಗಲೂ ಮುದಿ ನೊಣಗಳನ್ನು ಗಾಜಿನ ಕೊಳವೆಗಳಲ್ಲಿ ತುಂಬಿಕೊಂಡೇ ಬಂದಿದ್ದಳು. ವಯಸ್ಸಾದಂತೆ ಅವುಗಳ ಮಿದುಳಿನ ನರಕೋಶಗಳು ಹೇಗೆ ಸಾಯುತ್ತವೆ ಎಂಬುದೇ ಅವಳ ಅಧ್ಯಯನ.

ಆ ಓದೇ ಮನೆಯಲ್ಲೊಂದು ತೀರ್ಪು ಕೊಡಿಸಿತ್ತು. ಅಜ್ಜಿ ಬೊಮ್ಮಕ್ಕನಿಗೆ ಮರೆವು ಹತ್ತಿ ವರ್ಷವಾಗಿತ್ತು. ಮೊಮ್ಮಗಳನ್ನು, ಎಂದೋ ತೀರಿಹೋದ ತನ್ನ ತಂಗಿ ಓಬಕ್ಕ ಎಂದೇ ಕರೆಯುತ್ತಿದ್ದಳು. ಕಂಬಳಿ ಮಗ್ಗದ ಕಡೆ ತಲೆ ಹಾಕಿರಲಿಲ್ಲ. "ಸತ್ತ ನರಕೋಶ ಮತ್ತೆ ಹುಟ್ಟಲ್ಲಪ್ಪ, ಅಜ್ಜಿ ಇನ್ನು ನೇಯಲ್ಲ," ಎಂದು ಯಮುನಾಳೇ ಹೇಳಿದ್ದಳು. ಅಪ್ಪ ಚಿತ್ರಲಿಂಗಪ್ಪ ಇವತ್ತು ಮಗ್ಗ ಬಿಚ್ಚುವವನಿದ್ದ. ಹೇಳಿದ್ದು ಸರಿಯೇ ಅಂದುಕೊಂಡರೂ ಅವಳು ಎದ್ದಾಗಿನಿಂದ ಮಗ್ಗದ ಕಡೆ ನೋಡಿರಲಿಲ್ಲ.

ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟು, ಬೆಲ್ಲ ಹಾಕಿ ನೊಣಗಳಿಗೆ ಗಂಜಿ ಕಾಯಿಸಿ, ಆರಲೆಂದು ಜಗಲಿಯ ಮೇಲಿಟ್ಟು, ಕೊಳವೆಗಳ ಬಾಯಿಗೆ ತುರುಕಲು ಹತ್ತಿ ತರಲೆಂದು ಅಂಗಡಿಗೆ ಹೋದಳು. ಬಂದು ನೋಡಿದರೆ ಪಾತ್ರೆ ಇಲ್ಲ. ಅಂಗಳದಲ್ಲಿ ಅಜ್ಜಿ, ಅರ್ಧಕ್ಕೆ ಬಿಟ್ಟಿದ್ದ ಉಣ್ಣೆಯ ಹಾಸನ್ನು, ಅಂದರೆ ಮಗ್ಗಕ್ಕೆ ಹೂಡುವ ಉದ್ದೆಳೆಗಳನ್ನು, ಗೂಟಕ್ಕೆ ಎಳೆದು ಕಟ್ಟಿ, ಕುಂಚದಿಂದ ಆ ಗಂಜಿಯನ್ನೇ ಬಳಿಯುತ್ತಿದ್ದಾಳೆ! ನೇಯುವ ಮೊದಲು ನೂಲು ಬಿಗಿಯಾಗಲೆಂದು ಹುಣಸೆಬೀಜದ ಗಂಜಿ ಬಳಿಯುವುದು ಈ ಮನೆಯ ರೂಢಿ. ಮುದುಕಿ ಇದನ್ನೇ ಅದು ಅಂದುಕೊಂಡಿದ್ದಾಳೆ.

"ಅಯ್ಯೋ ಅಜ್ಜಿ, ಅದು ನೊಣದ ಊಟ!"

"ಯಾವಳೇ ಇದನ್ನ ಕಾಯಿಸಿದ್ದು? ಅಂಟೇ ಇಲ್ಲ," ಎಂದು ಅಜ್ಜಿ ಗದರಿದಳು.

ಯಮುನಾಳ ಸಿಟ್ಟು ಅಲ್ಲೇ ನಿಂತಿತು. ಅಜ್ಜಿಯ ಕೈ ಒಂದೇ ಹದದಲ್ಲಿ ಓಡುತ್ತಿತ್ತು, ಒಂದೆಳೆಯೂ ತೊಡರಲಿಲ್ಲ. ಗೂಡಿನೊಳಗೆ ಹುಳು ನೊಣವಾಗುವಾಗಲೂ ರಾಶಿ ನರಕೋಶ ಸಾಯುತ್ತವೆ. ಉಳಿದವೇ ಹೊಸದರ ಜೊತೆ ಸೇರಿ ಅದನ್ನು ಹಾರಿಸುತ್ತವೆ. ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ ಮಾತಿದು. ಮನೆಗೆ ಬಂದರೆ ಮಾತ್ರ ಅವಳು ಅಜ್ಜಿಯಲ್ಲಿ ಹೋದದ್ದನ್ನಷ್ಟೇ ನೋಡಿದ್ದಳು, ಉಳಿದದ್ದನ್ನಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಅಷ್ಟರಲ್ಲಿ ಅಪ್ಪ ಸುತ್ತಿಗೆ ಹಿಡಿದು ಬಂದ.

"ಸುತ್ತಿಗೆ ಒಳಗಿಡಪ್ಪ, ಮಗ್ಗ ಇರ್ಲಿ. ನಾನು ಹೇಳಿದ್ದು ತಪ್ಪು. ಹೋಗಿ ಹುಣಸೆಬೀಜ ತಗಂಬಾ."

ಅವನು ತಾಯಿಯನ್ನೇ ನೋಡುತ್ತಾ ನಿಂತ. ಕಣ್ಣು ತುಂಬಿತು. ಸುತ್ತಿಗೆಯನ್ನು ಜಗಲಿಯ ಮೇಲೆ ಬಿಟ್ಟು ಅಂಗಡಿ ಕಡೆ ನಡೆದ. ಪಾತ್ರೆಯ ತಳದಲ್ಲಿ ನೊಣಗಳಿಗೆ ಸಾಕಾಗುವಷ್ಟು ಗಂಜಿ ಉಳಿದಿತ್ತು.

"ಏನೇ ಓಬಕ್ಕ, ಸುಮ್ನೆ ನಿಂತ್ಕಂಡಿಯಲ್ಲ? ಆ ತುದಿ ಹಿಡಿ ಬಾ," ಎಂದಳು ಬೊಮ್ಮಕ್ಕ.

"ನಾನು ಯಮುನಾ, ಅಜ್ಜಿ," ಎಂದು ವರ್ಷವಿಡೀ ತಿದ್ದಿದ್ದ ಹುಡುಗಿ ಈ ಸಲ ತಿದ್ದಲಿಲ್ಲ.

"ಬಂದೆ ಅಕ್ಕ," ಎಂದು ಹೋಗಿ ಹಾಸಿನ ತುದಿ ಹಿಡಿದಳು.