ಟ್ರೆಸ್ಸಿಯ ಉಸಿರು, ಕೊಕ್ಕರೆಕೊಕ್ಕಿನ ಬೇರು

"ಕಣ್ಣು ಮುಚ್ಕೊಳೇ ಟ್ರೆಸ್ಸಿ! ಮುಚ್ಕೊಂಡ್ಯಾ? ನಿಮ್ಮಪ್ಪ ಬರ್ತಿದಾನೆ!"

ಐಸಿ ಹೀಗೆ ಕೂಗಿಕೊಂಡು ಗುಡ್ಡ ಹತ್ತಿ ಬಂದಾಗ ಟ್ರೆಸ್ಸಿ ಅಡುಗೆಮನೆಯಲ್ಲಿ ಕೂತು, ಪಕ್ಕದಲ್ಲಿದ್ದ ಮೇವಿಸಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಬಾಯಿ ನೋಡುತ್ತಿದ್ದಳು. ಐಸಿ ಆಚೆಮನೆಯವಳು. ಟರ್ಕಿ ಲಿಕ್ ಎಂಬ ಆ ಗುಡ್ಡಗಾಡಿನ ಕಣಿವೆಯಲ್ಲಿ ಯಾರ ಕೋಳಿ ಮೊಟ್ಟೆಯಿಟ್ಟರೂ ಆ ಸುದ್ದಿ ಕೋಳಿಗಿಂತ ಮೊದಲು ಅವಳಿಗೆ ತಲುಪುತ್ತಿತ್ತು. ಅವಳ ಕೂಗಿಗೆ ಊರಿನವರು ಕಿವಿಗೊಡುವುದನ್ನು ಎಂದೋ ಬಿಟ್ಟಿದ್ದರು. ಆದರೆ ಇದು ಹಾಗೆ ಬಿಡುವ ಮಾತಲ್ಲ. ಟ್ರೆಸ್ಸಿಯ ಅಪ್ಪ ಅವಳು ಹುಟ್ಟುವ ಮೊದಲೇ ಕಲ್ಲಿದ್ದಲ ಗಣಿಯಲ್ಲಿ ಮೇಲಿನ ಬಂಡೆ ಕುಸಿದು ಸತ್ತವನು.

"ಬೆಳಬೆಳಗ್ಗೆ ದೆವ್ವ ಕಂಡ್ಯಾ?" ಎಂದಳು ಟ್ರೆಸ್ಸಿ.

"ದೆವ್ವಕ್ಕೆ ಮಂಡಿನೋವಿರುತ್ತೇನೇ? ಸೇತುವೆ ಹತ್ರ ಸಿಕ್ದ. ಹೆಸರು ಓಕಿ ಅಂದ. ನಿಮ್ಮಮ್ಮನ ಹೆಸರು ಹೇಳಿ ಗಳಗಳ ಅತ್ತ. ನಾನು ಅಡ್ಡದಾರೀಲಿ ಓಡಿ ಬಂದೆ. ಅವನ ಮುಖ ನೋಡ್ಬೇಡ ಕಣೇ, ನೋಡಿದ್ಯೋ ಎಲ್ಲಾ ಹೋಯ್ತು!"

ಟ್ರೆಸ್ಸಿ ಮಡಿಲಿನ ಏಪ್ರನ್ನನ್ನು ಎತ್ತಿ ಮುಖಕ್ಕೆ ಮುಸುಕು ಹಾಕಿಕೊಂಡಳು.

ಎಲ್ಲಾ ಹೋಗುವುದೆಂದರೆ ಏನು ಎಂಬುದು ಆ ಗುಡ್ಡಗಳಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಅಪ್ಪನ ಮುಖವನ್ನೇ ಕಾಣದವರ ಉಸಿರಿಗೆ ಒಂದು ಗುಣವಿದೆ ಎಂದು ಅಲ್ಲಿಯವರ ನಂಬಿಕೆ. ಎಳೆಗೂಸುಗಳ ನಾಲಿಗೆಯ ಮೇಲೆ ಮೊಸರು ಹೆಪ್ಪುಗಟ್ಟಿದಂತೆ ಬಿಳಿ ಹುಣ್ಣಾಗಿ, ಮೊಲೆ ಕಚ್ಚಲಾಗದೆ ಒದ್ದಾಡುತ್ತವಲ್ಲ, ಆಗ ಅಂಥವರು ಮೂರು ಬೆಳಗು ಬರಿಹೊಟ್ಟೆಯಲ್ಲಿ ಕೂಸಿನ ಬಾಯಿಗೆ ಊದಿದರೆ ಹುಣ್ಣು ಮಾಯುತ್ತದಂತೆ. ಟ್ರೆಸ್ಸಿ ಚಿಕ್ಕವಳಾಗಿದ್ದಾಗ 'ಅಪ್ಪ ಇಲ್ಲದೋಳು' ಎಂದು ಮೂತಿ ತಿರುಗಿಸುತ್ತಿದ್ದ ಹೆಂಗಸರೇ, ಮನೆಯಲ್ಲಿ ಕೂಸು ಅಳತೊಡಗಿದಾಗ ಅವಳ ಬಾಗಿಲು ತಟ್ಟಿದರು. ಮುಂದೆ ಅವರ ಬಾಯಲ್ಲೇ ಅವಳು 'ಟ್ರೆಸ್ಸಿ ಅತ್ತೆ' ಆದಳು. ಮದುವೆ ಮನೆಯಲ್ಲಿ ಅವಳಿಗೆ ಮುಂದಿನ ಸಾಲಿನ ಕುರ್ಚಿ. ಗಂಡ ತೀರಿಕೊಂಡು ಒಬ್ಬಳೇ ಉಳಿದ ಮೇಲೂ ಅವಳ ಜಗಲಿಯಲ್ಲಿ ಯಾವಾಗಲೂ ಒಂದು ಕೂಸಿನ ಸದ್ದು. ಯಾವ ಕೊರತೆಗೆ ಊರು ಅವಳನ್ನು ಆಡಿಕೊಂಡಿತ್ತೋ ಆ ಕೊರತೆಯೇ ಅವಳ ಐಸಿರಿಯಾಗಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಐಸಿ ಓಡಿಹೋಗಿ ಅಗಳಿ ಹಾಕಿದಳು.

"ಯಾರಿದೀರಿ ಒಳಗೆ? ನಾನು ಓಕಿ ಅಂತ. ಇಲ್ಲಿ ಟ್ರೆಸ್ಸಿ ಅಂತ ಒಬ್ಬರು..."

"ನಾನೇ," ಎಂದಳು ಟ್ರೆಸ್ಸಿ ಮುಸುಕಿನೊಳಗಿಂದ. "ನಮ್ಮಪ್ಪ ಗಣೀಲಿ ಸತ್ತ ಅಂತ ನಮ್ಮ ತಾತ ಹೇಳಿದ್ದ. ನೀವು ಯಾರು?"

ಹೊರಗಿನ ದನಿ ಹೇಳಿತು. "ನಿಮ್ಮ ತಾತ ನನಗೆ ಬೇರೆ ಹೇಳ್ದ ಕಣಮ್ಮ. ಅಳಿಯ ಅಂತ ನನ್ನನ್ನ ಕಂಡ್ರೇ ಆಗ್ತಿರಲಿಲ್ಲ ಅವನಿಗೆ. ಗಣಿ ಹತ್ರ ಬಂದು, ಹೆರಿಗೇಲಿ ಅವಳೂ ಹೋದ್ಲು, ಕೂಸೂ ಹೋಯ್ತು, ಇನ್ನು ಕಣಿವೆಗೆ ಕಾಲಿಟ್ರೆ ಗುಂಡು ಹಾರಿಸ್ತೀನಿ ಅಂದ. ಇನ್ಯಾರಿಗೋಸ್ಕರ ಬರ್ಲಿ? ಓಹಾಯೊಗೆ ಹೋಗಿ ಟೈರ್ ಫ್ಯಾಕ್ಟರಿ ಸೇರ್ಕೊಂಡೆ. ಈಗ ಮೊನ್ನೆ ಅಲ್ಲಿ ಚರ್ಚ್‌ನಲ್ಲಿ ನಿಮ್ಮ ಕಡೆಯವನೊಬ್ಬ ಸಿಕ್ದ. ನಮ್ಮೂರಲ್ಲಿ ಟ್ರೆಸ್ಸಿ ಅತ್ತೆ ಇದ್ದಾಳೆ, ನನ್ನ ಮಗೂಗೆ ಬಾಯಿ ಊದಿದ್ಲು, ಅವಳಮ್ಮ ಇಂಥೋಳು ಅಂದ. ನಾನು ಅಲ್ಲೇ ಬೆಂಚಿನ ಮೇಲೆ ಕುಸಿದೆ."

ಬದುಕಿದ್ದವರನ್ನೆಲ್ಲ ಆ ತಾತ ಬರೀ ಬಾಯಿಮಾತಿನಲ್ಲಿ ಸಾಯಿಸಿ, ತಾನು ಮಾತ್ರ ನೆಮ್ಮದಿಯಾಗಿ ಹಾಸಿಗೆಯ ಮೇಲೆ ಸತ್ತಿದ್ದ. ಅವನಿಗೆ ಬಯ್ಯಲು ಅವನು ಸಿಗುವಂತಿರಲಿಲ್ಲ. ಟ್ರೆಸ್ಸಿಗೆ ಒಂದೇ ಏಟಿಗೆ ಅಗಳಿ ಕಿತ್ತು ಹೊರಗೆ ಓಡಬೇಕೆನಿಸಿತು. ಆಗಲೇ ಕೂಸು ಸಣ್ಣಗೆ ನರಳಿತು. ಅದಕ್ಕೆ ಜೋರಾಗಿ ಅಳುವ ತ್ರಾಣವೂ ಇರಲಿಲ್ಲ.

"ನಿನ್ನೆಯಿಂದ ಮೊಲೆ ಕಚ್ಚಿಲ್ಲ ಅತ್ತೆ," ಎಂದಳು ಮೇವಿಸ್. ಚೊಚ್ಚಲ ಬಾಣಂತಿ. ಅವಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. "ನೀವು ಈಗ ಅವರನ್ನ ನೋಡ್ಬಿಟ್ರೆ ನನ್ನ ಲಾನಿಗೆ ಯಾರು ಊದ್ತಾರೆ?"

ಟ್ರೆಸ್ಸಿ ಬಾಗಿಲಿಗೆ ಹಣೆಯೊತ್ತಿ ನಿಂತಳು. "ಕೇಳಿಸ್ತಾ? ಮೂರು ಬೆಳಗು ತಡ್ಕೊಳ್ಳಿ. ಈ ಕೂಸು ಹಾಲು ಕುಡೀಲಿ. ಆಮೇಲೆ ನೋಡೋಣ."

"ಸತ್ತ ಮಗಳು ಮಾತಾಡ್ತಿದಾಳೆ, ತಡ್ಕೊಳ್ಳೋದೇನು ದೊಡ್ಡದು," ಎಂದು ಹೊರಗಿನ ದನಿ ನಕ್ಕಿತು. ಜಗಲಿಯ ತೂಗುಕುರ್ಚಿ ಕಿರ್ರೆಂದಿತು. ಓಕಿ ಮನೆಗೆ ಬೆನ್ನು ಮಾಡಿ ಕೂತಿದ್ದ.

ಈಗ ಇನ್ನೊಂದು ತಾಪತ್ರಯ. ಬರೀ ಉಸಿರು ಊದುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಊದುವ ಮೊದಲು ಕೊಕ್ಕರೆಕೊಕ್ಕು ಎಂಬ ಗಿಡದ ಬೇರಿನ ಕಷಾಯದಲ್ಲಿ ಬಾಯಿ ಮುಕ್ಕಳಿಸಬೇಕು, ಅದರಲ್ಲೇ ಅದ್ದಿದ ಬಟ್ಟೆಯಿಂದ ಕೂಸಿನ ನಾಲಿಗೆ ಒರೆಸಬೇಕು. ಇದು ಟ್ರೆಸ್ಸಿಯ ಅಮ್ಮ ಮಾಡಿದ ಕಟ್ಟಳೆ. ಗುಣ ಉಸಿರಿನದೋ ಬೇರಿನದೋ ಎಂದು ಕೇಳಿದರೆ ಅಮ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, "ಕೂಸು ಕುಡೀತಲ್ಲ?" ಎನ್ನುತ್ತಿದ್ದಳು. ಊರಿನವರಿಗೆ ಉಸಿರಿನ ಮೇಲೇ ಭಕ್ತಿ. ಬೇರು ಎಲ್ಲರ ಹಿತ್ತಲಲ್ಲೂ ಸಿಗುತ್ತದೆ, ಹಿತ್ತಲ ಗಿಡ ಮದ್ದಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಕಣಿವೆಯ ಮಕ್ಕಳಿಗೆಲ್ಲ ಹೊಟ್ಟೆ ಕೆಟ್ಟು ಭೇದಿಯಾದಾಗ, ಅದೇ ಬೇರನ್ನು ಹಾಲಿನಲ್ಲಿ ಕುದಿಸಿ ಕುಡಿಸಿ ಕುಡಿಸಿ ಟ್ರೆಸ್ಸಿಯ ಡಬ್ಬಿ ಬರಿದಾಗಿತ್ತು. ಹೊರಗೆ ಹೋಗಿ ಅಗೆಯೋಣವೆಂದರೆ ಮನೆಯ ಎರಡು ಬಾಗಿಲೂ ತೆರೆಯುವುದು ಅದೇ ಜಗಲಿಗೆ.

"ನಾನು ತರ್ತೀನಿ," ಎಂದಳು ಐಸಿ.

"ನೀನು ಹೋದ್ಸಲ ತಂದಿದ್ದು ಮೂಲಂಗಿ ಗಿಡ."

"ನಾನು ತರ್ಲಾ?" ಎಂದಿತು ಹೊರಗಿನ ದನಿ. "ಆ ಗಿಡ ನನಗೆ ಗೊತ್ತು. ಅದರ ಕಷಾಯ ನಮ್ಮಮ್ಮ ನನ್ನ ಬಾಯಿಗೆ ಹುಯ್ದಿದ್ದಕ್ಕೆ ಲೆಕ್ಕ ಇಲ್ಲ. ಕಾಗೆಕಾಲಿನ ಥರ ಸೀಳಿರೋ ಎಲೆ, ಅಲ್ವಾ?"

ಚಿಕ್ಕಂದಿನಲ್ಲಿ ಪಾಪ ಬಾಯಿಹುಣ್ಣಿನ ಪೋರ ಆಗಿದ್ದಿರಬೇಕು ಎಂದುಕೊಂಡಳು ಟ್ರೆಸ್ಸಿ.

ಮೇ ತಿಂಗಳ ಕೊನೆ. ಓಕ್ ಮರಗಳ ಕೆಳಗೆಲ್ಲ ಹೂವೋ ಹೂವು. ಅರ್ಧ ಗಂಟೆಗೆ ಓಕಿ ಬಂದು ಕಿಟಕಿಯ ಪರದೆಯ ಕೆಳಗಿಂದ ಒಂದು ಕಟ್ಟು ಗಿಡವನ್ನು ಒಳಗೆ ತೂರಿಸಿದ. ಗಿಡದೊಂದಿಗೆ ಕೈಯೂ ಕಂಡಿತು. ಐಸಿ ಹೌಹಾರಿದಳು. ಆಮೇಲೆ ತಾನೇ ಯೋಚಿಸಿ, "ಕೈಗೆ ದೋಷ ಇಲ್ಲ. ಮುಖಕ್ಕೆ ಮಾತ್ರ," ಎಂದು ತೀರ್ಪು ಕೊಟ್ಟಳು.

ಟ್ರೆಸ್ಸಿ ಆ ಕೈ ನೋಡಿದಳು. ಕಿರುಬೆರಳು ಹೊರಕ್ಕೆ ಬಾಗಿತ್ತು. ಅವಳ ಕಿರುಬೆರಳೂ ಹಾಗೆಯೇ, ಉಂಗುರ ನಿಲ್ಲುತ್ತಿರಲಿಲ್ಲ. ಏನಾದರೂ ಹೇಳಬೇಕೆಂದು ಗಿಡದ ಕಡೆ ನೋಡಿದವಳು ಕಿರುಚಿಕೊಂಡಳು.

"ಇದು ಬಾಲದ ಹೂವು! ಹಿಂದೆ ನೋಡು, ಚೂಪಗೆ ಬಾಲ ಇದೆ! ದನ ತಿಂದ್ರೆ ಅಲ್ಲೇ ಕಾಲು ಚಾಚ್ತವೆ. ಸಿಕ್ಕಿದ ದಿನವೇ ಮಗಳನ್ನ ಸಾಯಿಸೋಕೆ ಬಂದ್ಯಾ ಅಪ್ಪ?"

ಮಾತು ಬಾಯಿಂದ ಜಾರಿದ ಮೇಲೆಯೇ ತಾನು ಏನೆಂದು ಕರೆದೆ ಎಂಬುದು ಅವಳಿಗೆ ತಿಳಿದದ್ದು. ಪರದೆಯಾಚೆ ಯಾರೋ ಕರವಸ್ತ್ರದಲ್ಲಿ ಜೋರಾಗಿ ಮೂಗು ಸೀಟಿದರು.

"ಇನ್ನೊಂದ್ಸಲ ಬಯ್ಯಿ," ಎಂದ ಓಕಿ.

"ಬಯ್ತೀನಿ, ಮೊದಲು ಕೇಳಿಸ್ಕೋ. ಬರೀ ಎಲೆ ನೋಡಿ ಕಿತ್ರೆ ಹೀಗೇ ಆಗೋದು. ಎಲೆ ಸೀಳಿರೋ ಗಿಡ ಹತ್ತಾರಿವೆ. ಹೂವು ನೋಡು. ನಸುಗೆಂಪು ನೇರಳೆ, ಐದೇ ದಳ, ದುಂಡಗೆ, ಹಿಂದೆ ಬಾಲ ಇರಬಾರದು. ದಳದ ಮೇಲೆ ಸಣ್ಣ ಗೀರು ಇರ್ತವೆ. ಕಾಂಡ ಸವರು, ನವಿರಾಗಿ ಕೂದಲಿರ್ಬೇಕು. ಹೂವಿನ ಕೆಳಗೆ ಎರಡು ಎಲೆ, ಎದುರುಬದುರು. ಎಲ್ಲಕ್ಕಿಂತ ಹೆಚ್ಚು ಕಾಯಿ ನೋಡು. ಹೂವು ಉದುರಿದ ಕಡೆ ಕೊಕ್ಕರೆ ಕೊಕ್ಕಿನ ಥರ ಉದ್ದಕ್ಕೆ ಮೂತಿ ಚಾಚಿರುತ್ತೆ. ಕೊಕ್ಕು ಕಾಣೋವರೆಗೂ ಗುದ್ದಲಿ ಹಾಕ್ಬೇಡ. ಆ ಬಾಲದ ಹೂವು ಮುಟ್ಟಿದ ಕೈಯನ್ನ ತೊರೇಲಿ ತೊಳ್ಕೊಂಡು ಹೋಗು!"

"ಎಷ್ಟು ಜೋರಿದೀಯೇ ನೀನು," ಎಂದ ಓಕಿ ಹಿಗ್ಗಿ. "ಥೇಟ್ ನಿಮ್ಮಮ್ಮ."

ಎರಡನೆಯ ಕಟ್ಟು ಬಂತು. ಟ್ರೆಸ್ಸಿ ಅದನ್ನು ಮೇಜಿನ ಮೇಲೆ ಹರಡಿ ಒಂದೊಂದೇ ನೋಡಿದಳು. ದುಂಡು ದಳ, ನವಿರು ಕೂದಲು, ಜೋಡಿ ಎಲೆ. ಒಂದು ಕಾಯಿ ಆಗಲೇ ಒಣಗಿ ಕಪ್ಪಾಗಿತ್ತು. ಅವಳು ಮುಟ್ಟಿದ್ದೇ ತಡ, ಆ ಕೊಕ್ಕು ಐದು ಸೀಳಾಗಿ ಮೇಲಕ್ಕೆ ಸುರುಳಿ ಸುತ್ತಿ, ಬೀಜವನ್ನು ಕವಣೆಯಲ್ಲಿ ಬೀಸಿದಂತೆ ಐಸಿಯ ಹಣೆಗೆ ಎಸೆಯಿತು. ಮೇವಿಸ್ ಆ ಬೆಳಗ್ಗೆ ಮೊದಲ ಸಲ ನಕ್ಕಳು. ಬೇರು ಹೊರಗೆ ಕಂದು, ಶುಂಠಿಯ ಹಾಗೆ ಗಂಟುಗಂಟು. ಟ್ರೆಸ್ಸಿ ಒಂದು ಚೂರು ಕಚ್ಚಿದಳು. ಎಳೆಗಾಯಿ ಕಚ್ಚಿದಂತೆ ಒಗರೋ ಒಗರು. ಅವಳ ಮೂಗು ಎಡಕ್ಕೆ ಸೊಟ್ಟಗಾಯಿತು. ಒಗರು ತಾಕಿದಾಗಲೆಲ್ಲ ಅವಳ ಮೂಗು ಹಾಗೆ ಎಡಕ್ಕೇ ತಿರುಗುತ್ತಿತ್ತು. ಕಣಿವೆಯ ಮಕ್ಕಳು ಅದನ್ನು ಅಣಕಿಸಿ ಆಡುತ್ತಿದ್ದರು.

"ಇದೇ," ಎಂದಳು.

ಬೇರು ಜಜ್ಜಿ ಕುದಿಸಿದರು. ಕಷಾಯ ಆರಿದ ಮೇಲೆ ಟ್ರೆಸ್ಸಿ ಬಾಯಿ ಮುಕ್ಕಳಿಸಿ, ಕೂಸಿನ ನಾಲಿಗೆಯನ್ನು ಮೆಲ್ಲಗೆ ಒರೆಸಿ, ಅದರ ಪುಟ್ಟ ಬಾಯಿಗೆ ಊದಿದಳು. ಕೂಸು ಬೆರಗಾಗಿ ಕಣ್ಣರಳಿಸಿತು.

ಮರುದಿನವೂ ಹಾಗೆಯೇ. ಅಷ್ಟರಲ್ಲಿ ಸುದ್ದಿ ಕಣಿವೆಯನ್ನೆಲ್ಲ ಸುತ್ತಿತ್ತು. ರಾತ್ರಿ ಐಸಿಯ ಮನೆಯಲ್ಲಿ ಮಲಗಿ, ಹಗಲೆಲ್ಲ ಟ್ರೆಸ್ಸಿಯ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತ ಮುದುಕನನ್ನು ನೋಡಲು ಜನ ಬಂದರು. ಬಂದವರು ಬೀನ್ಸ್ ತಂದರು, ಮೆಕ್ಕೆಜೋಳದ ಬ್ರೆಡ್ ತಂದರು, ಒಳಗೆ ಹೋಗಿ ಟ್ರೆಸ್ಸಿಗೆ ಅವಳ ಅಪ್ಪನ ವರ್ಣನೆಯನ್ನೂ ಬಡಿಸಿದರು. ಒಬ್ಬಳು ಕಣ್ಣು ನೀಲಿ ಅಂದಳು, ಇನ್ನೊಬ್ಬಳು ಬೂದು ಅಂದಳು. ಒಬ್ಬಳ ಪ್ರಕಾರ ಕಿವಿ ಮಾತ್ರ ದೊಡ್ಡದು, ಇನ್ನೊಬ್ಬಳ ಪ್ರಕಾರ ಮುಖದಲ್ಲಿ ಕಿವಿ ಬಿಟ್ಟರೆ ಬೇರೇನೂ ಇಲ್ಲ. ಟ್ರೆಸ್ಸಿ ಗೋಡೆಯ ಈಚೆ ಕೂತು ಅಪ್ಪನ ಜೊತೆ ಹರಟಿದಳು. ಅಮ್ಮ ಹೇಗೆ ನಗುತ್ತಿದ್ದಳು ಎಂದು ಅವನು ಹೇಳಿದ, ಹೇಗೆ ಸತ್ತಳು ಎಂದು ಇವಳು ಹೇಳಿದಳು. ಇಷ್ಟು ಸುಖ ಅವಳು ಎಂದೂ ಕಂಡಿರಲಿಲ್ಲ. ಇಷ್ಟು ಭಯವನ್ನೂ ಕಂಡಿರಲಿಲ್ಲ. ನೋಡಿದರೆ ಅಪ್ಪ ಸಿಗುತ್ತಾನೆ, ಆದರೆ ಟ್ರೆಸ್ಸಿ ಅತ್ತೆ ಹೋಗುತ್ತಾಳೆ. ಉಸಿರಿಲ್ಲದ ಟ್ರೆಸ್ಸಿಯ ಮನೆಗೆ ಯಾರು ಬರುತ್ತಾರೆ?

ಮೂರನೆಯ ಬೆಳಗ್ಗೆ ಅವಳು ಊದಿ ಮುಗಿಸಿದಾಗ ಲಾನಿಯ ನಾಲಿಗೆ ಕೆಂಪಗೆ ಹೊಳೆಯುತ್ತಿತ್ತು. ಮೇವಿಸ್ ಎದೆಗಿಟ್ಟುಕೊಂಡಳು. ಚಪ್ ಚಪ್ ಎಂಬ ಸದ್ದು ಅಡುಗೆಮನೆಯನ್ನೆಲ್ಲ ತುಂಬಿತು. ಮೇವಿಸ್ ಅಳುತ್ತಾ ನಗುತ್ತಿದ್ದಳು.

ಟ್ರೆಸ್ಸಿ ಎದ್ದು ಅಗಳಿಗೆ ಕೈಯಿಟ್ಟಳು.

"ಯೋಚ್ನೆ ಮಾಡೇ," ಎಂದಳು ಐಸಿ. ಅವಳ ದನಿ ಮೊದಲ ಬಾರಿಗೆ ಮೆತ್ತಗಿತ್ತು. "ಒಂದ್ಸಲ ನೋಡಿದ್ರೆ ಮತ್ತೆ ಬರಲ್ಲ ಅದು."

"ಐಸಿ ಹೇಳೋದು ಸರಿ ಮಗಳೇ," ಎಂದ ಓಕಿ ಹೊರಗಿಂದ. "ನಿನ್ನ ಮರ್ಯಾದೆ ಕಳೆಯೋಕೆ ನಾನು ಬಂದಿಲ್ಲ. ತೊರೆ ಆಚೆ ಒಂದು ಗುಡಿಸಲು ಹಾಕ್ಕೋತೀನಿ. ದಿನಾ ಬಂದು ಹೀಗೇ ಗೋಡೆಯಾಚೆ ಕೂತು ಮಾತಾಡ್ತೀನಿ. ನನಗಷ್ಟೇ ಸಾಕು."

"ನನಗೆ ಸಾಲದು," ಎಂದಳು ಟ್ರೆಸ್ಸಿ. ಅಗಳಿ ತೆಗೆದಳು.

ಅವನು ಬೆನ್ನು ತಿರುಗಿಸಿಕೊಂಡೇ ಇದ್ದ. ತಿರುಗೆಂದರೂ ತಿರುಗಲಿಲ್ಲ. ಅವಳೇ ತೂಗುಕುರ್ಚಿ ಸುತ್ತಿಕೊಂಡು ಹೋಗಿ ಎದುರು ನಿಂತಳು. ಕಣ್ಣು ನೀಲಿಯೂ ಅಲ್ಲ, ಬೂದೂ ಅಲ್ಲ, ಅವಳದೇ ಹಸಿರು. ಕಿವಿ ನಿಜಕ್ಕೂ ದೊಡ್ಡದು. ಅವಳು ಅವನ ಎರಡೂ ಕಿವಿ ಹಿಡಿದುಕೊಂಡು ಅವನ ಹಣೆಗೆ ಮುತ್ತಿಟ್ಟಳು, ಆಮೇಲೆ ಇಬ್ಬರೂ ಚಿಕ್ಕ ಮಕ್ಕಳಂತೆ ಅತ್ತರು.

"ಹೋಯ್ತು," ಎಂದು ಐಸಿಯೂ ಅತ್ತಳು. "ಕಣಿವೆಯ ಉಸಿರೇ ಹೋಯ್ತು."

"ನನ್ನ ಮುಂದಿನ ಕೂಸಿಗೆ ಯಾರು ಊದ್ತಾರೆ?" ಎಂದಳು ಮೇವಿಸ್ ಬಾಗಿಲಲ್ಲಿ ನಿಂತು.

ಓಕಿ ಕೆಮ್ಮಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ನಾನು... ನಮ್ಮಪ್ಪ ನಾನು ಹುಟ್ಟೋ ಮುಂಚೆ ಹೊಳೇಲಿ ದಿಮ್ಮಿ ತೇಲಿಸೋವಾಗ ಹೋಗ್ಬಿಟ್ಟ. ನಾನೂ ಅವನ ಮುಖ ನೋಡಿದೋನಲ್ಲ. ಹುಡುಗನಾಗಿದ್ದಾಗ ಆ ಗುಡ್ಡದಾಚೆ ಕೂಸುಗಳಿಗೆಲ್ಲ ನಾನೇ ಊದ್ತಿದ್ದೆ. ನಮ್ಮಮ್ಮ ಮೊದಲು ಆ ಹಾಳು ಕಷಾಯ ಮುಕ್ಕಳಿಸು ಅನ್ನೋಳು. ನಿಮ್ಮಮ್ಮ ಕಲಿತಿದ್ದೂ ಅವಳ ಹತ್ರಾನೇ."

ಮೊದಲು ಸ್ಫೋಟಿಸಿದವಳು ಐಸಿ.

"ಅಯ್ಯೋ ಮಹಾರಾಯ! ಹಾಗಾದ್ರೆ ಮೊದಲನೇ ದಿನವೇ ಬಾಯಿ ಬಿಡೋಕೇನಾಗಿತ್ತು? ನೀನು ಊದ್ತಿದ್ದೆ, ಇವಳು ನೋಡ್ತಿದ್ಲು! ನನ್ನ ಮನೇಲಿ ನಿನ್ನ ಗೊರಕೆ ಕೇಳೋ ಕರ್ಮ ತಪ್ತಿತ್ತು!"

"ಹೌದಲ್ಲ ಅಪ್ಪ. ಯಾಕೆ ಹೇಳ್ಲಿಲ್ಲ?" ಎಂದಳು ಟ್ರೆಸ್ಸಿ.

ಓಕಿ ಅವಳ ಬಾಗಿದ ಕಿರುಬೆರಳನ್ನು ತನ್ನ ಬೆರಳಿಗೆ ಕೊಂಡಿ ಹಾಕಿಕೊಂಡ. "ಹೇಳಿದ್ರೆ ನೀನು ಆಗಲೇ ಬಾಗಿಲು ತೆಗೀತಿದ್ದೆ. ಸತ್ತೇ ಹೋದ್ಲು ಅಂತ ಇಷ್ಟು ವರ್ಷ ಅತ್ತ ಮಗಳ ಮುಖ ನೋಡೋಕೆ ನನಗೂ ಒಂಚೂರು ಧೈರ್ಯ ಬರಬೇಕಿತ್ತಲ್ಲಮ್ಮ."

ಟ್ರೆಸ್ಸಿ ಒಳಗೆ ಹೋಗಿ, ಉಳಿದಿದ್ದ ಕಷಾಯವನ್ನು ಲೋಟಕ್ಕೆ ಬಗ್ಗಿಸಿ ತಂದು ಅಪ್ಪನ ಕೈಗಿಟ್ಟಳು.

"ಮುಕ್ಕಳಿಸು. ಅಭ್ಯಾಸ ತಪ್ಪಿರುತ್ತೆ. ಬರೀ ಉಸಿರು ಈ ಮನೇಲಿ ನಡೆಯಲ್ಲ."

ಓಕಿ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಒಗರು ತಾಕಿದ್ದೇ ತಡ, ಅವನ ಮೂಗು ಎಡಕ್ಕೆ ಸೊಟ್ಟಗಾಯಿತು. ಐಸಿ ಅವನನ್ನು ನೋಡಿದಳು, ಟ್ರೆಸ್ಸಿಯನ್ನು ನೋಡಿದಳು, ಜಗಲಿಯ ಕಂಬ ಹಿಡಿದುಕೊಂಡು ನಗತೊಡಗಿದಳು.